ನನಗೆ ಸಿಕ್ಕಿದ್ದ 5,000 ಕಿಲೋಮೀಟರ್ ವೇಗದ ಗಾಳಿ

ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತಿತ್ತು. ನಾನು ಎನ್‌ಜಿಸಿ 5548 ಗ್ಯಾಲಕ್ಸಿಯ ಅಲ್ಟ್ರಾವೈಲೆಟ್ ಸ್ಪೆಕ್ಟ್ರಮ್ (ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕಿದೆ ಅಂತ ತೋರಿಸುವ ಗ್ರಾಫ್) ತೆರೆದು ಕೂತಿದ್ದೆ, ಅಲ್ಲಿಂದ ಗಾಳಿಯ ಹಾಗೆ ಹೊರಬೀಳುವ ಅನಿಲವನ್ನು ಹುಡುಕಲು. ಈ ಬೆಳಕನ್ನು ಭೂಮಿಯ ವಾತಾವರಣವೇ ತಡೆದುಬಿಡುತ್ತದೆ, ಹಾಗಾಗಿ ಹಬಲ್ ಬಾಹ್ಯಾಕಾಶ ದೂರದರ್ಶಕದ ಡೇಟಾನೇ ಗತಿ. ಅದು ಆರ್ಕೈವ್‌ನಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತದೆ.

ಹುಡುಕುತ್ತಿದ್ದದ್ದು ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್. ಲ್ಯಾಬಿನಲ್ಲಿ ಅಳೆದರೆ ಅದು ಜೋಡಿ ಗೆರೆ ಕೊಡುತ್ತದೆ: 1548.2 ಮತ್ತು 1550.8 ಆಂಗ್‌ಸ್ಟ್ರಾಮ್ (ಅಲೆಯುದ್ದದ ಅಳತೆ). ಗ್ಯಾಲಕ್ಸಿಯ ರೆಡ್‌ಶಿಫ್ಟ್ (ಅದು ದೂರ ಸರಿಯುವುದರಿಂದ ಅಲೆಯುದ್ದ ಹಿಗ್ಗುವ ಪ್ರಮಾಣ) 0.0172, ಅಂದರೆ ಮೊದಲನೇದು 1574.8ರ ಹತ್ತಿರ ಇರಬೇಕು. ಅದಕ್ಕಿಂತ ಎಡಕ್ಕೆ ತಗ್ಗು (ಅನಿಲ ಬೆಳಕು ಹೀರಿದ ಜಾಗ) ಬಿದ್ದಿದ್ದರೆ ಆ ಅನಿಲ ಗ್ಯಾಲಕ್ಸಿಯಿಂದ ಹೊರಬಿದ್ದು ನಮ್ಮ ಕಡೆ ಬರುತ್ತಿದೆ ಅಂತ ಲೆಕ್ಕ.

ಬಹಳ ಎಡಕ್ಕೆ ಒಂದು ಚೂಪಾದ ತಗ್ಗು ಕಂಡಿತು. ವೇಗ ಸೆಕೆಂಡಿಗೆ 5,000 ಕಿಲೋಮೀಟರ್ ದಾಟಿತು! 2013ರಲ್ಲಿ ಇದೇ ಗ್ಯಾಲಕ್ಸಿಯಲ್ಲಿ 5,000ದವರೆಗೆ ಹೋಗುವ ಅಗಲವಾದ ತಗ್ಗು ನಿಜಕ್ಕೂ ಕಂಡಿತ್ತು, ಅದನ್ನು ಓದಿಕೊಂಡಿದ್ದೇ ನನಗೆ ಎಡವಟ್ಟಾಯಿತು. ಖುಷಿಯಲ್ಲಿ ನಮ್ಮ ಹಿರಿಯರೊಬ್ಬರಿಗೆ ಫೋನ್ ಮಾಡಿದೆ.

"ವೇಗ ಇರಲಿ, ಅಲೆಯುದ್ದ ಎಷ್ಟೈತಿ ಹೇಳ್ರಿ."

"1548.2, ಸರ್."

"ಅದು ಲ್ಯಾಬಿನ ಅಂಕಿನೇ ಅಲ್ಲೇನ್ರಿ?"

ಸುಮ್ನಾದೆ. ರೆಡ್‌ಶಿಫ್ಟೇ ಇಲ್ಲದ ಗೆರೆ. ಅದು ನಮ್ಮದೇ ಆಕಾಶಗಂಗೆಯ ಅನಿಲ, ದಾರಿಯಲ್ಲಿ ಅಡ್ಡ ನಿಂತಿತ್ತು ಅಷ್ಟೆ.

ಆಮೇಲೆ ಮೊದಲು ಆಕಾಶಗಂಗೆಯ ಗೆರೆಗಳಿಗೆಲ್ಲ ಗುರುತು ಹಾಕಿ, ನಂತರ ಜೋಡಿ ಸಿಕ್ಕಿದ್ದನ್ನು ಮಾತ್ರ ಇಟ್ಟುಕೊಂಡೆ. ಆಗ 1568.7ರ ತಗ್ಗು ಉಳಿಯಿತು, ಅದರ ಜೋಡಿ 1571.3ರಲ್ಲಿ. ವೇಗ ಸೆಕೆಂಡಿಗೆ ಸುಮಾರು 1,160 ಕಿಲೋಮೀಟರ್. ಕಡಿಮೆ ಆಯ್ತು ಅಂತ ಬೇಜಾರಾಯಿತು, ಸುಳ್ಳು ಯಾಕೆ.

ಆದರೆ ನಿಜವಾದ ತಲೆನೋವು ಆಳದ್ದು. ಈ ಜೋಡಿಯಲ್ಲಿ 1548ರ ಗೆರೆಗೆ ಬೆಳಕು ಹೀರುವ ಬಲ ಎರಡರಷ್ಟು, ಆದರೂ ಎರಡು ತಗ್ಗಿಗೂ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಅನಿಲ ದಪ್ಪಗಿದ್ದರೆ ಎರಡೂ ಸಮ ಆಗಿ ತಳ ಸೊನ್ನೆ ಮುಟ್ಟಬೇಕು, ಅದೂ ಮುಟ್ಟಿರಲಿಲ್ಲ. ಅನಿಲ ಕಡಿಮೆ ಇದೆ ಅಂತಲೇ ಬರೆದಿಟ್ಟಿದ್ದೆ. ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವಾಗ ಹೊಳೆಯಿತು. ತಟ್ಟು ಕಿಟಕಿಯ ಮುಕ್ಕಾಲು ಪಾಲು ಮಾತ್ರ ಮುಚ್ಚಿತ್ತು. ಅದರ ಮೇಲೆ ಇನ್ನೊಂದು ತಟ್ಟು ಹಾಕಿದರೂ ಬದಿಯಿಂದ ಬರೋ ಬಿಸಿಲು ಬಂದೇ ಬರುತ್ತದೆ ಅಲ್ವಾ? ಅನಿಲವೂ ತನ್ನ ಹಿಂದಿರುವ ಬೆಳಕಿನ ಮೂಲವನ್ನು ಪೂರ್ತಿ ಮುಚ್ಚಿಲ್ಲ. ಮುಚ್ಚಿದಷ್ಟು ಜಾಗದಲ್ಲಿ ಮಾತ್ರ ದಪ್ಪಗಿದೆ. ಎರಡೂ ಗೆರೆಯನ್ನು ಒಟ್ಟಿಗೆ ಫಿಟ್ ಮಾಡಿ, ಮುಚ್ಚಿದ ಪಾಲನ್ನೂ ಬಿಡಿಸಿದಾಗ ಅನಿಲದ ಲೆಕ್ಕ ಮೊದಲಿಗಿಂತ ಎಷ್ಟೋ ಮೇಲೆ ಹೋಯಿತು. ಹಳೇ ಅಂಕಿಯನ್ನು ನೋಟ್‌ಬುಕ್‌ನಲ್ಲಿ ಹೊಡೆದುಹಾಕಿದ್ದೇನೆ, ಅಳಿಸಿಲ್ಲ.