ಮರೆತ ಪಾಸ್‌ವರ್ಡಿಗೆ ಹಳೆ ಪೆನ್‌ಡ್ರೈವ್: ನನ್ನ ಅನುಭವ

ವಿಂಡೋಸ್ ಪಾಸ್‌ವರ್ಡ್ ಮರೆತರೆ ಹೊಸದು ಇಡಲು ಮುಂಚೆಯೇ ಮಾಡಿಟ್ಟುಕೊಳ್ಳುವ ಪೆನ್‌ಡ್ರೈವ್, ಅದೇ ರೀಸೆಟ್ ಡಿಸ್ಕ್. ಅದರ ಹೆಸರು ಎತ್ತಿದ ಕೂಡಲೇ ನಮ್ಮ ಕಂಪ್ಯೂಟರ್ ಸರ್ವಿಸ್ ಲೈನಿನವರು ನಗುತ್ತಿದ್ದರು. ಅದು ಹಳೆ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಈಗ ಯಾರ್ ಮಾಡ್ತಾರ್ರೀ ಅನ್ನೋರು. ದಾವಣಗೆರೆಯಲ್ಲಿ ನಾನು ನೋಡಿಕೊಳ್ಳುವುದು ಎಪಿಎಂಸಿ ಕಡೆಯ ದಲಾಲಿ ಅಂಗಡಿಗಳು, ನಾಲ್ಕೈದು ರೈಸ್ ಮಿಲ್, ಒಂದೆರಡು ಆಡಿಟರ್ ಆಫೀಸು. ಎಲ್ಲ ಸೇರಿ ಅರವತ್ತು ಚಿಲ್ಲರೆ ಮೆಷಿನ್. ವರ್ಷದ ಮೇಲಾಯಿತು, ಪಾಸ್‌ವರ್ಡ್ ಮರೆತರು ಅಂತ ಒಂದನ್ನೂ ಫಾರ್ಮ್ಯಾಟ್ ಮಾಡಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಜಿಎಸ್‌ಟಿ ಬಂದ ಮೇಲೆ ಈ ತಲೆನೋವಿಗೂ ತಾರೀಕು ಬಂತು. ಜಿಎಸ್‌ಟಿಆರ್ 1 ರಿಟರ್ನ್‌ಗೆ ತಿಂಗಳ 11 ಕೊನೆ ದಿನ, 3ಬಿ ರಿಟರ್ನ್‌ಗೆ 20. ನನ್ನ ಫೋನ್ ಹೊಡೆದುಕೊಳ್ಳುವುದು 10ರ ಸಂಜೆ, 19ರ ಸಂಜೆ. ಗುಮಾಸ್ತ ಜಗಳೂರಿಗೆ ಮದುವೆಗೆ ಹೋಗಿರುತ್ತಾನೆ, ಪಾಸ್‌ವರ್ಡೂ ಅವನ ಜೊತೆಗೇ ಹೋಗಿರುತ್ತದೆ. ಇಲ್ಲಾ ಅಂದರೆ ಪಾಸ್‌ವರ್ಡಿನ ಗಡುವು ಮುಗಿದಿದೆ, ಬದಲಾಯಿಸಿ ಅಂತ ಸ್ಕ್ರೀನ್ ಕೇಳಿದೆ, ಯಾರೋ ಅವಸರದಲ್ಲಿ ಏನೋ ಕೊಟ್ಟಿದ್ದಾರೆ, ಏನು ಕೊಟ್ಟೆ ಅನ್ನೋದು ಬೆಳಿಗ್ಗೆ ನೆನಪಿಲ್ಲ.

ಮೊದಲು ಎಲ್ಲರ ಹಾಗೆ ನಾನೂ ಬೂಟ್ ಪೆನ್‌ಡ್ರೈವ್ (ವಿಂಡೋಸ್ ಬದಲು ಅದರಿಂದಲೇ ಕಂಪ್ಯೂಟರ್ ಏಳುವಂಥದ್ದು) ಹಾಕಿ ಪಾಸ್‌ವರ್ಡ್ ರೀಸೆಟ್ ಹೊಡೆಯುತ್ತಿದ್ದೆ. ಎರಡೂವರೆ ಮೂರು ಸಾವಿರ ಕೊಟ್ಟು ಒಂದು ಸಾಫ್ಟ್‌ವೇರ್ ಕೂಡ ತಗೊಂಡಿದ್ದೆ. ಹಳೆ ಡೆಸ್ಕ್‌ಟಾಪಿನಲ್ಲಿ ಸಲೀಸು. ಹೊಸ ಲ್ಯಾಪ್‌ಟಾಪ್ ಬರಲು ಶುರುವಾದ ಮೇಲೆ ಆಟ ನಿಂತಿತು. ಹೊರಗಿಂದ ಬೂಟ್ ಮಾಡಿದರೆ ಡಿಸ್ಕೇ ಓದಲು ಬರಲ್ಲ, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳುತ್ತದೆ. ಆ ಕೀ ಯಾವುದೋ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಆ ಖಾತೆಯ ಮೊಬೈಲ್ ನಂಬರ್ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನದ್ದು. ಇನ್ನೇನು ಮಾಡೋದು, ಫಾರ್ಮ್ಯಾಟೇ ಗತಿ. ಅದಕ್ಕೆ ನಾನು ತಗೊಳ್ಳೋದು ಏಳುನೂರು ರೂಪಾಯಿ, ಅವರು ಕಳೆದುಕೊಳ್ಳೋದು ಬ್ಯಾಕಪ್ ಇಲ್ಲದ ಟ್ಯಾಲಿಯ ಲೆಕ್ಕಪತ್ರದ ಡೇಟಾ.

ರೀಸೆಟ್ ಆದರೂ ಕಥೆ ಮುಗಿಯುತ್ತಿರಲಿಲ್ಲ. ಹೊರಗಿಂದ ಬಲವಂತವಾಗಿ ಪಾಸ್‌ವರ್ಡ್ ಅಳಿಸಿದರೆ ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ, ಯಾಕಂದರೆ ಅವುಗಳ ಬೀಗ ಹಳೆ ಪಾಸ್‌ವರ್ಡಿಗೇ ಕಟ್ಟಿಕೊಂಡಿರುತ್ತದೆ. ಇ-ವೇ ಬಿಲ್, ಬ್ಯಾಂಕು, ಜಿಎಸ್‌ಟಿ ಎಲ್ಲಾ ಮತ್ತೆ ಮೊದಲಿಂದ. ಅರ್ಧ ದಿನ ಅಲ್ಲೇ ಕೂತು ಒಟಿಪಿ ಕಾಯಬೇಕು, ಸಾಹುಕಾರರು ಪಕ್ಕದಲ್ಲಿ ನಿಂತು ಗೊಣಗುತ್ತಿರುತ್ತಾರೆ. ಲಾಗಿನ್ ಸ್ಕ್ರೀನಿನ ಫೈಲ್ ಬದಲಿಸಿ ಒಳಗೆ ಹೋಗುವ ಹಳೆ ಕೈಚಳಕವೂ ಇತ್ತು, ಅದನ್ನು ಈಗ ವಿಂಡೋಸ್‌ನದ್ದೇ ಆಂಟಿವೈರಸ್ ಡಿಫೆಂಡರ್ ಹಿಡಿಯುತ್ತದೆ, ಬಿಡಿ.

ನಡುವೆ ಬೆರಳಚ್ಚಿನ ಹುಚ್ಚೂ ಹಿಡಿದಿತ್ತು. ಸಾವಿರದ ಎಂಟುನೂರೋ ಏನೋ ಕೊಟ್ಟು ಒಂದು ಯುಎಸ್‌ಬಿ ರೀಡರ್ ತಂದು ಮಿಲ್ಲಿನಲ್ಲಿ ಹಾಕಿದೆ. ಗುಮಾಸ್ತ ತೌಡಿನ ಚೀಲ ಮುಟ್ಟಿ ಬಂದು ಬೆರಳಿಟ್ಟರೆ ಅದು ಒಪ್ಪುತ್ತಲೇ ಇರಲಿಲ್ಲ. ಪಂಚೆಗೆ ಒರೆಸಿಕೊಂಡು ಇಟ್ಟರೆ ಮೂರಕ್ಕೊಂದು ಸಲ ತೆಗೆದುಕೊಳ್ಳೋದು. ಕೊನೆಗೆ ಪಿನ್ ಕೇಳೋದು, ಆ ಪಿನ್ನೂ ಮರೆತಿರೋದು! ರೀಡರ್ ಈಗ ನನ್ನ ಡ್ರಾಯರಿನಲ್ಲಿದೆ, ಬೇಕಾದವರು ಅರ್ಧ ಬೆಲೆಗೆ ತಗೊಳ್ಳಿ.

ಮೊದಲು ಗಡುವಿನ ಕಾಟ ತೆಗೆದೆ. ಹಿಂದೆ ನೋಡಿಕೊಳ್ಳುತ್ತಿದ್ದವರು ಕೆಲವು ಕಡೆ 30 ದಿನಕ್ಕೆ ಇಟ್ಟಿದ್ದರು. ಕಮಾಂಡ್‌ನಲ್ಲಿ ಸುಮ್ನೆ ಮಾಡಿದ ಲೋಕಲ್ ಖಾತೆಗಳಿಗೆ (ಆ ಮೆಷಿನ್ನಿನಲ್ಲಷ್ಟೇ ಇರುವ ಖಾತೆ) ವಿಂಡೋಸ್ ತಾನೇ 42 ದಿನ ಇಡುತ್ತದೆ. ಪರಿಣಾಮ ಏನು ಗೊತ್ತಾ? ಒಂದು ಅಡತಿ ಅಂಗಡಿಯಲ್ಲಿ ಕೀಬೋರ್ಡ್ ಎತ್ತಿ ನೋಡಿದರೆ ಕೆಳಗೆ ಬೀಡಿ ಕಟ್ಟಿನ ಹಾಳೆ ಅಂಟಿಸಿದ್ದರು. ಅದರ ಮೇಲೆ ಅಂಗಡಿ ಹೆಸರು, ಮುಂದೆ 1, ಅದನ್ನು ಹೊಡೆದು 2, ಹೊಡೆದು 3, ಹೀಗೆ 9ರವರೆಗೆ. ನೆಟ್ ಅಕೌಂಟ್ಸ್ ಕಮಾಂಡಿನಲ್ಲಿ ಗರಿಷ್ಠ ಅವಧಿಯನ್ನು ಅನ್‌ಲಿಮಿಟೆಡ್ ಮಾಡಿದೆ. ಹೋಮ್ ಎಡಿಷನ್ನಿನಲ್ಲೂ ನಡೆಯುತ್ತದೆ. ಒಬ್ಬ ಆಡಿಟರ್ ಇದು ನಿಯಮಕ್ಕೆ ವಿರುದ್ಧ ಅಂತ ಎಗರಾಡಿದರು. ಸುಮ್ಮಸುಮ್ಮನೆ ಆಗಾಗ ಬದಲಾಯಿಸಬೇಡಿ ಅಂತ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ, ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಭದ್ರತಾ ಶಿಫಾರಸಿನಿಂದಲೇ ಗಡುವನ್ನು ತೆಗೆದಿದೆ ಅಂತ ತೋರಿಸಿದೆ. ಆಮೇಲೆ ಮಾತಿಲ್ಲ.

ಇನ್ನು ಅಸಲಿ ಕೆಲಸ. ಅವರವರೇ ಲಾಗಿನ್ ಆಗಿರುವಾಗ ಪೆನ್‌ಡ್ರೈವ್ ಚುಚ್ಚಿ, ಕಂಟ್ರೋಲ್ ಪ್ಯಾನೆಲ್ಲಿನ ಯೂಸರ್ ಅಕೌಂಟ್ಸ್‌ನಿಂದ ರೀಸೆಟ್ ಡಿಸ್ಕ್ ಮಾಡುವುದು. ಅದರೊಳಗೆ ಯೂಸರ್‌ಕೀ ಅನ್ನೋ ಚಿಕ್ಕ ಫೈಲ್ ಕೂರುತ್ತದೆ, ಎರಡು ಮೂರು ಕೆಬಿ ಇರಬಹುದು. ಆಮೇಲೆ ಪಾಸ್‌ವರ್ಡ್ ಎಷ್ಟು ಸಲ ಬದಲಾದರೂ ಅದೇ ಫೈಲ್ ನಡೆಯುತ್ತದೆ. ಹೊಸದೊಂದು ಡಿಸ್ಕ್ ಮಾಡಿದರೆ ಮಾತ್ರ ಹಳೆಯದು ರದ್ದು. ಮರೆತಾಗ ಏನಾದರೊಂದು ತಪ್ಪು ಪಾಸ್‌ವರ್ಡ್ ಹೊಡೆಯಿರಿ, ಕೆಳಗೆ ರೀಸೆಟ್ ಅಂತ ಬರುತ್ತದೆ. ಪೆನ್‌ಡ್ರೈವ್ ಹಾಕಿದರೆ ಎರಡು ನಿಮಿಷದ ಕೆಲಸ. ವಿಂಡೋಸ್ ಎಂದಿನ ಹಾಗೆ ತಾನೇ ಎದ್ದಿರುವುದರಿಂದ ಬಿಟ್‌ಲಾಕರ್ ಕೀ ಕೇಳುವುದಿಲ್ಲ. ಕ್ರೋಮ್‌ನದ್ದೂ ಹಾಗೇ ಉಳಿಯುತ್ತದೆ. ನನಗೆ ಬೇಕಾಗಿದ್ದೇ ಇದು.

ಫೈಲಿನ ಹೆಸರು ಎಲ್ಲ ಮೆಷಿನ್ನಿಗೂ ಒಂದೇ, ಒಂದರ ಮೇಲೆ ಇನ್ನೊಂದು ಕೂತರೆ ಹಳೆಯದು ಹೋಗುತ್ತದೆ, ಹಾಗಾಗಿ ಒಬ್ಬರಿಗೊಂದು ಪೆನ್‌ಡ್ರೈವ್ ಬೇಕು ಅನ್ನುತ್ತಾರೆ. ನಾನು ಒಂದು ಅಂಗಡಿಗೆ ಒಂದರಲ್ಲೇ ಮುಗಿಸುತ್ತೇನೆ. ಹೇಗೆ ಅನ್ನೋದು ನನ್ನ ಹೊಟ್ಟೆಪಾಡು, ಸ್ವಲ್ಪ ತಲೆ ಓಡಿಸಿದರೆ ನಿಮಗೂ ಹೊಳೆಯುತ್ತದೆ.

ಆ ಪೆನ್‌ಡ್ರೈವ್ ಸಿಕ್ಕವರು ಯಾರು ಬೇಕಾದರೂ ಒಳಗೆ ಹೋಗಬಹುದು. ಅದಕ್ಕೇ ಕವರಿನಲ್ಲಿ ಹಾಕಿ, ಅಂಟಿನ ಮೇಲೆ ಸಾಹುಕಾರರ ಸಹಿ ಮಾಡಿಸಿ, ತಿಜೋರಿಯಲ್ಲಿ ಇಡಿಸುತ್ತೇನೆ. ಕವರ್ ಒಡೆದಿದ್ದರೆ ಹೊಸ ಡಿಸ್ಕ್ ಮಾಡುತ್ತೇನೆ. ಬಿಟ್‌ಲಾಕರಿನ 48 ಅಂಕಿಯ ಪ್ರಿಂಟೂ ಅದೇ ಕವರಿಗೆ. ಮದರ್‌ಬೋರ್ಡ್ ಬದಲಾಯಿಸುವ ದಿನ ಅದು ಬೇಕೇ ಬೇಕು.

ದುಡ್ಡಿನ ಲೆಕ್ಕ ಹೇಳಬೇಕಲ್ವಾ. ಹಳೆ 4 ಜಿಬಿ ಪೆನ್‌ಡ್ರೈವ್‌ಗಳನ್ನು ಗುಜರಿ ರೇಟಿಗೆ ಒಟ್ಟಿಗೆ ತಗೊಂಡೆ, ಒಂದಕ್ಕೆ ಎಂಬತ್ತು ತೊಂಬತ್ತು ಬಿದ್ದಿರಬಹುದು. ಮೊದಲು ರೀಸೆಟ್ಟಿನಿಂದ ತಿಂಗಳಿಗೆ ಎರಡು ಮೂರು ಸಾವಿರ ಬರುತ್ತಿತ್ತು, ಅದು ನಿಂತಿತು. "ಹಿಂಗಾದ್ರೆ ನಿನ್ನ ರೊಕ್ಕ ಕಟ್ಟಾಗಲ್ವೇನಪ್ಪಾ" ಅಂತ ಸಾಹುಕಾರರೊಬ್ಬರು ಕೇಳಿದರು. ಮೆಷಿನ್ನಿಗೆ ವರ್ಷಕ್ಕೆ ಆರುನೂರರಂತೆ ನಿರ್ವಹಣೆ ಅಂತ ಮಾತಾಡಿಕೊಂಡೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತಿದೆ.

ಇದು ಲೋಕಲ್ ಖಾತೆಗೆ ಮಾತ್ರ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗುವ ಮೆಷಿನ್ ಆದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಲೋಕಲ್‌ಗೆ ಬದಲಿಸಿ, ಆಮೇಲೆ ಡಿಸ್ಕ್ ಮಾಡಿ. ವಿಂಡೋಸ್ 11ರ ಕೆಲವು ಮೆಷಿನ್‌ಗಳಲ್ಲಿ ಡಿಸ್ಕ್ ಮಾಡುವ ಲಿಂಕ್ ಕಾಣುವುದಿಲ್ಲ, ಮೊದಲು ಪೆನ್‌ಡ್ರೈವ್ ಚುಚ್ಚಿ ಆಮೇಲೆ ಹುಡುಕಿ.