ಬೆಳಕಿನಿಂದ ಧ್ವನಿ ತಗ್ಗಿಸುವ ಹಳೆಯ ಬಾನುಲಿ ಯಂತ್ರದ ಮರುನಿರ್ಮಾಣ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟನ್ನು ಧ್ವನಿಮುದ್ರಿಸಿದವರಿಗೆ ಈ ಕಷ್ಟ ಗೊತ್ತು: ಹಾಡುವವರ ದನಿಗೆ ಮಟ್ಟ ಹೊಂದಿಸಿದರೆ ದುಡಿಯ ಪೆಟ್ಟು ಒಡೆದು ಕೇಳಿಸುತ್ತದೆ, ದುಡಿಗೆ ಹೊಂದಿಸಿದರೆ ದನಿ ಅಡಗಿಹೋಗುತ್ತದೆ. ಬಾನುಲಿ ಕೇಂದ್ರಗಳಿಗೂ ಇದ್ದ ಇದೇ ತೊಡಕಿಗೆ 1960ರ ದಶಕದಲ್ಲಿ ಅಮೆರಿಕದ ಜಿಮ್ ಲಾರೆನ್ಸ್ ರೂಪಿಸಿದ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಎಂಬ ವಾಲ್ವ್ (ನಿರ್ವಾತ ಕೊಳವೆ) ಯಂತ್ರ ಬೆಳಕಿನ ಮೂಲಕ ಪರಿಹಾರ ಒದಗಿಸಿತು. ಧ್ವನಿ ಜೋರಾದಷ್ಟೂ ಒಳಗಿನ ಪುಟ್ಟ ಫಲಕ ಹೆಚ್ಚು ಬೆಳಗುತ್ತದೆ. ಎದುರಿಗಿರುವ ಕ್ಯಾಡ್ಮಿಯಂ ಸಲ್ಫೈಡ್‌ನ ಎಲ್‌ಡಿಆರ್, ಅಂದರೆ ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ, ತನ್ನ ರೋಧವನ್ನು ಇಳಿಸಿಕೊಂಡು ಧ್ವನಿಯನ್ನು ತಗ್ಗಿಸುತ್ತದೆ.

ಮೂಲ ಯಂತ್ರದ ನೂರಾರು ವೋಲ್ಟ್ ಮನೆಯಲ್ಲಿ ಪ್ರಯೋಗ ಮಾಡುವವರಿಗೆ ಅಪಾಯಕಾರಿಯಾದ್ದರಿಂದ, ಧನ ಮತ್ತು ಋಣ 15 ವೋಲ್ಟ್‌ನಲ್ಲಿ ನಡೆಯುವ ಐಸಿಗಳನ್ನು ಬಳಸೋಣ. ಫಲಕದ ಬದಲು ಹಸಿರು ಎಲ್‌ಇಡಿ ಸಾಕು; ಸಾಮಾನ್ಯ ಎಲ್‌ಡಿಆರ್‌ಗಳು ಹಸಿರು ಬೆಳಕಿಗೇ ಹೆಚ್ಚು ಸ್ಪಂದಿಸುತ್ತವೆ.

ಮೊದಲ ಕೆಲಸ ಎಲ್‌ಡಿಆರ್ ಆರಿಸುವುದು, ಇದಕ್ಕೆ ಒಂದಿಡೀ ಸಂಜೆ ಮೀಸಲಿಟ್ಟರೂ ತಪ್ಪಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹತ್ತಿಪ್ಪತ್ತು ತಂದು, ಕತ್ತಲೆಯಲ್ಲಿ ಹತ್ತು ಸೆಕೆಂಡು ಇಟ್ಟು ಮಲ್ಟಿಮೀಟರ್‌ನಿಂದ ಅಳೆಯಿರಿ. 1 ಮೆಗಾ ಓಮ್‌ಗಿಂತ ಹೆಚ್ಚು ತೋರಿಸುವುದನ್ನೇ ಉಳಿಸಿಕೊಳ್ಳಿ. ಅದನ್ನೂ ಎಲ್‌ಇಡಿಯನ್ನೂ ಎದುರುಬದುರಾಗಿಸಿ ಬಿಸಿ ತಾಗಿದರೆ ಕುಗ್ಗುವ ಕಪ್ಪು ಹೀಟ್‌ಶ್ರಿಂಕ್ ಕೊಳವೆಯೊಳಗೆ ಮುಚ್ಚಿ.

ಒಳಬರುವ ಧ್ವನಿಯನ್ನು 68 ಕಿಲೋ ಓಮ್ ರೋಧಕದ ಮೂಲಕ ಹಾಯಿಸಿ, ಅದರ ಕೊನೆಯಿಂದ ಎಲ್‌ಡಿಆರ್ ಅನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ, ಜೋಡಿಸಿ. ಎಲ್‌ಡಿಆರ್ 68 ಕಿಲೋ ಓಮ್‌ಗೆ ಇಳಿದಾಗ ಧ್ವನಿ 6 ಡೆಸಿಬೆಲ್ ತಗ್ಗುತ್ತದೆ, 680 ಓಮ್‌ಗೆ ಇಳಿದಾಗ ಸುಮಾರು 40. ಮುಂದಿನ ಹಂತಕ್ಕೆ ಟಿಎಲ್072 ಐಸಿಯನ್ನೇ ಹಾಕಬೇಕು. ಎನ್‌ಇ5532 ಎಂಬ ಇನ್ನೊಂದು ಐಸಿಯ ಒಳತುದಿಯಲ್ಲಿ ಹರಿಯುವ ವಿದ್ಯುತ್ ಹೆಚ್ಚಿರುವುದರಿಂದ ರೋಧ ಬದಲಾದಾಗಲೆಲ್ಲ ದಬ್ ದಬ್ ಸದ್ದು ಬರಬಹುದು.

ತಗ್ಗಿದ ಧ್ವನಿಯ ಒಂದು ಪಾಲನ್ನು ವಾಲ್ಯೂಮ್ ಕಂಟ್ರೋಲಿನ ಮೂಲಕ ಎನ್‌ಇ5532ಗೆ ಕೊಟ್ಟು ಹಿಗ್ಗಿಸಿ, ನಾಲ್ಕು 1ಎನ್4148 ಡಯೋಡ್‌ಗಳ ಬ್ರಿಡ್ಜ್ ಮತ್ತು 1 ಕಿಲೋ ಓಮ್ ರೋಧಕ ದಾಟಿಸಿ ಎಲ್‌ಇಡಿಗೆ ಒಯ್ಯಿರಿ. ಇಲ್ಲಿ ಕೆಪಾಸಿಟರ್ ಸೇರಿಸಬೇಡಿ. ಎಲ್‌ಡಿಆರ್‌ನ ಸಹಜ ನಿಧಾನವೇ ಈ ಯಂತ್ರದ ಗುಣ: ಮೂಲ ಯಂತ್ರ ಸುಮಾರು 10 ಮಿಲಿಸೆಕೆಂಡಿನಲ್ಲಿ ಧ್ವನಿ ತಗ್ಗಿಸುತ್ತಿತ್ತು, ಅರ್ಧದಷ್ಟನ್ನು 60 ಮಿಲಿಸೆಕೆಂಡಿನಲ್ಲಿ ಬಿಟ್ಟುಕೊಟ್ಟು ಉಳಿದದ್ದಕ್ಕೆ ಅರ್ಧದಿಂದ 5 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಆದ್ದರಿಂದಲೇ ದುಡಿಯ ಪೆಟ್ಟಿನ ಮೊದಲ ಚುರುಕು ಉಳಿದುಕೊಂಡು ಅದರ ಹಿಂದಿನ ಮೊರೆತ ಮಾತ್ರ ತಗ್ಗುತ್ತದೆ.

ಕೊಡಗಿನಲ್ಲಿ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ಕಕ್ಕಡ ತಿಂಗಳ, ಅಂದರೆ ಜುಲೈ–ಆಗಸ್ಟ್‌ನ, ಮಳೆಯಲ್ಲಿ ನಾನು ಕಟ್ಟಿದ ಮೊದಲ ಪ್ರತಿಯ ಧ್ವನಿ ವಾರದೊಳಗೆ ಕುಗ್ಗಿತು; ಬೋರ್ಡಿನ ಮೇಲೆ ಉಳಿದಿದ್ದ ಬೆಸುಗೆಯ ಅಂಟು, ಅಂದರೆ ಫ್ಲಕ್ಸ್, ತೇವ ಹೀರಿಕೊಂಡು ಎಲ್‌ಡಿಆರ್‌ಗೆ ಸಮಾಂತರವಾಗಿ ವಿದ್ಯುತ್ತನ್ನು ಸೋರಗೊಡುತ್ತಿತ್ತು. ಬೆಸುಗೆ ಮುಗಿದೊಡನೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ, ಬೋರ್ಡಿಗೆ ಬಳಿಯುವ ವಾರ್ನಿಷ್ ಹಚ್ಚಿ.

ಪರೀಕ್ಷೆಗೆ ಫೋನಿನಿಂದ 1 ಕಿಲೋಹರ್ಟ್ಸ್ ಸ್ವರ ಕೊಟ್ಟು, 3–4 ಡೆಸಿಬೆಲ್ ತಗ್ಗುವವರೆಗೆ ವಾಲ್ಯೂಮ್ ಕಂಟ್ರೋಲ್ ಏರಿಸಿ. ಬಳಿಕ ಅದನ್ನು ಸೊನ್ನೆಗೆ ಇಳಿಸಿ, ಕಪ್ಪು ಕೊಳವೆಯ ಎರಡೂ ತುದಿಗಳಿಗೆ ಟಾರ್ಚ್ ಹಿಡಿಯಿರಿ. ಆಗ ಸ್ವರ ಕುಗ್ಗಿದರೆ ಹೊರಗಿನ ಬೆಳಕು ನುಸುಳುತ್ತಿದೆ ಎಂದರ್ಥ. ಇನ್ನೊಂದು ಸುತ್ತು ಕೊಳವೆ ಹಾಕಿ ಮುಚ್ಚಿ.