ಶ್ರವಣಾತೀತ ಧ್ವನಿಯಲ್ಲಿ ಜಿಪ್ಸಂ ಹರಳು: ಕಣಗಾತ್ರವನ್ನು ಹೋಲಿಸಿ ನೋಡುವ ಕ್ರಮ

ಕ್ಷಾರ ಹೆಚ್ಚಿದ ಹೊಲಗಳಿಗೆ ಚೆಲ್ಲುವ ಜಿಪ್ಸಂ ನುಣ್ಣಗಿದ್ದಷ್ಟೂ ಬೇಗ ಕರಗುತ್ತದೆ ಎಂಬುದನ್ನು ಸಿಂಧನೂರು, ಮಾನ್ವಿ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಜಿಪ್ಸಂ ದ್ರಾವಣದಿಂದ ಹರಳಾಗುವ ಹೊತ್ತಿನಲ್ಲಿ ಶ್ರವಣಾತೀತ ಧ್ವನಿಯನ್ನು (ನಮ್ಮ ಕಿವಿಗೆ ಕೇಳಿಸದಷ್ಟು ವೇಗದ ಕಂಪನದ ಧ್ವನಿ, ಅಲ್ಟ್ರಾಸೌಂಡ್) ಹಾಯಿಸಿದರೆ ಕಣಗಳು ಚಿಕ್ಕದಾಗಿ ಬರುತ್ತವೆಯೇ ಎಂಬುದನ್ನು ರಾಯಚೂರಿನ ಯಾವುದೇ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಕನ್ನಡಕ ಮತ್ತು ಆಭರಣ ತೊಳೆಯಲು ಬಳಸುವ, ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನ, ಅಲ್ಟ್ರಾಸಾನಿಕ್ ತೊಟ್ಟಿಯೇ ಇದಕ್ಕೆ ಸಾಕು.

ಧ್ವನಿಯ ಅಲೆ ದ್ರವವನ್ನು ಹಿಗ್ಗಿಸಿ ಕುಗ್ಗಿಸುವಾಗ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಬೆಳೆದು, ಥಟ್ಟನೆ ಕುಸಿಯುತ್ತವೆ. ಈ ಕುಸಿತದ ಸುತ್ತಮುತ್ತ ಹರಳಿನ ಮೊಳಕೆಗಳು, ಅಂದರೆ ಹರಳು ಬೆಳೆಯಲು ಶುರುವಾಗುವ ಸೂಕ್ಷ್ಮ ಬೀಜಗಳು, ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಬೇಗ ಮೂಡುತ್ತವೆ. ಒಂದೇ ಪಾತ್ರೆಯ ಅನ್ನವನ್ನು ಹೆಚ್ಚು ಮಂದಿ ಹಂಚಿಕೊಂಡಂತೆ, ದ್ರಾವಣದಲ್ಲಿರುವ ಅಷ್ಟೇ ಲವಣ ಹೆಚ್ಚು ಮೊಳಕೆಗಳ ಪಾಲಾಗುವುದರಿಂದ ಒಂದೊಂದು ಹರಳೂ ಚಿಕ್ಕದಾಗುತ್ತದೆ. ಆದರೆ ಬೆಳೆದ ಹರಳನ್ನು ಧ್ವನಿ ಮುರಿದರೂ ಕಣ ಚಿಕ್ಕದೇ ಆಗುತ್ತದೆ. ಈ ಎರಡನ್ನೂ ಬೇರ್ಪಡಿಸದ ಪ್ರಯೋಗ ನನ್ನ ದೃಷ್ಟಿಯಲ್ಲಿ ಅರ್ಧ ಪ್ರಯೋಗ.

ಮೊದಲು 7.35 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟನ್ನೂ 7.1 ಗ್ರಾಂ ನಿರ್ಜಲ ಸೋಡಿಯಂ ಸಲ್ಫೇಟನ್ನೂ ಬೇರೆ ಬೇರೆಯಾಗಿ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಎರಡನ್ನೂ 250 ಮಿಲಿಲೀಟರ್‌ಗೆ ತುಂಬಿಸಿದರೆ 0.2 ಮೋಲಾರ್ (ಲೀಟರಿಗೆ 0.2 ಮೋಲ್) ದ್ರಾವಣಗಳು ಸಿದ್ಧವಾಗುತ್ತವೆ. ಇವೆರಡನ್ನೂ ಬೆರೆಸಿದಾಗ ಹರಳಾಗುವುದೇ ಜಿಪ್ಸಂ. ಬೋರ್‌ವೆಲ್ ನೀರನ್ನು ಬಳಸಲೇಬಾರದು, ಏಕೆಂದರೆ ಅದರಲ್ಲಿರುವ ಕ್ಯಾಲ್ಸಿಯಂ ಲೆಕ್ಕವನ್ನೇ ಕೆಡಿಸುತ್ತದೆ. ಎರಡೂ ದ್ರಾವಣಗಳನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ ಮುಚ್ಚಿಡಬೇಕು. ನಮ್ಮೂರಿನ ಬೇಸಿಗೆಯ ಧೂಳಿನ ಒಂದೊಂದು ಕಣವೂ ತಾನೇ ಮೊಳಕೆಗೆ ಆಸರೆಯಾಗಬಲ್ಲದು.

ತೊಟ್ಟಿಗೆ ನೀರು ತುಂಬಿಸಿ ಹತ್ತು ನಿಮಿಷ ಚಾಲೂ ಇಟ್ಟರೆ ನೀರಿನಲ್ಲಿ ಕರಗಿದ ಗಾಳಿ ಹೊರಹೋಗುತ್ತದೆ. ನಂತರ ತೆಳುವಾದ ಅಲ್ಯೂಮಿನಿಯಂ ಹಾಳೆಯೊಂದನ್ನು ನಿಮಿಷ ಹೊತ್ತು ಇಳಿಬಿಟ್ಟು, ಗುಳ್ಳೆಗಳ ಕುಸಿತದಿಂದ ತೂತುಗಳು ಹೆಚ್ಚಾಗಿ ಬಿದ್ದ ಜಾಗವನ್ನು ಗುರುತಿಸಿ, ಬೀಕರನ್ನು ತಳಕ್ಕೆ ತಾಗದಂತೆ ಅಲ್ಲಿಯೇ ತೂಗುಹಾಕಬೇಕು. ತೊಟ್ಟಿ ಚಾಲೂ ಇದ್ದಾಗ ಕೈಯನ್ನು ನೀರಿಗೆ ಹಾಕಬಾರದು.

ಮೂರು ಬೀಕರ್‌ಗಳಲ್ಲಿ ಎರಡೂ ದ್ರಾವಣಗಳನ್ನು 50 ಮಿಲಿಲೀಟರ್‌ನಂತೆ ಬೆರೆಸಿ, ಎಲ್ಲವನ್ನೂ ಒಟ್ಟು 70 ನಿಮಿಷ ಒಂದೇ ವೇಗದಲ್ಲಿ ಕಲಕಬೇಕು. ಮೊದಲನೆಯದಕ್ಕೆ ಧ್ವನಿ ಬೇಡ. ಎರಡನೆಯದಕ್ಕೆ ಬೆರೆಸಿದ ಕ್ಷಣದಿಂದ ಮೊದಲ 10 ನಿಮಿಷ, ಮೂರನೆಯದಕ್ಕೆ ಹರಳು ಬೆಳೆದಾದ ಮೇಲೆ ಕೊನೆಯ 10 ನಿಮಿಷ ಧ್ವನಿ ಕೊಡಬೇಕು. ಬೆರೆಸಿದ್ದರಿಂದ ಹಿಡಿದು ದ್ರಾವಣ ಮಸುಕಾಗುವವರೆಗಿನ ಸಮಯವನ್ನು ಪ್ರತಿ ಬೀಕರಿಗೂ ಬರೆದುಕೊಳ್ಳಬೇಕು. ಬೆರೆಸಿದ ಕೂಡಲೇ ಮಸುಕಾದರೆ ಎರಡೂ ದ್ರಾವಣಗಳನ್ನು ಸಮನಾಗಿ ತೆಳುವಾಗಿಸಿ ಮತ್ತೆ ಮಾಡಬೇಕು.

ಹೆಚ್ಚಿನವರು ಎಡವುವುದು ಉಷ್ಣತೆಯಲ್ಲಿ. ತೊಟ್ಟಿ ಓಡುತ್ತಿದ್ದಂತೆ ಅದರ ನೀರು ಬಿಸಿಯಾಗುತ್ತ ಹೋಗುತ್ತದೆ, ಮೇ ತಿಂಗಳಲ್ಲಂತೂ ಕೊಠಡಿಯೇ ಕಾದಿರುತ್ತದೆ. ಜಿಪ್ಸಂನ ಕರಗುವಿಕೆ 40 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಗರಿಷ್ಠವಾಗಿದ್ದು ಅದರ ಆಚೀಚೆ ಅಷ್ಟೇನೂ ಬದಲಾಗದಿರುವುದು ನಮಗೆ ಅನುಕೂಲವೇ ಸರಿ, ಆದರೆ ಹರಳು ಮೂಡುವ ಮತ್ತು ಬೆಳೆಯುವ ವೇಗ ಉಷ್ಣತೆಯೊಂದಿಗೆ ಏರುತ್ತದೆ. ಆದ್ದರಿಂದ ತೊಟ್ಟಿಗೆ ಆಗಾಗ ತಣ್ಣೀರು ಸೇರಿಸಿ, ಧ್ವನಿಯಿಲ್ಲದ ಬೀಕರನ್ನು ಅಷ್ಟೇ ಬಿಸಿಯ ಬೇರೆ ನೀರಿನಲ್ಲಿ ಇಟ್ಟು, ಥರ್ಮಾಮೀಟರನ್ನು ಬೀಕರಿನ ಒಳಗೇ ಇಳಿಸಿ ನೋಡಬೇಕು. ಇಷ್ಟು ಮಾಡದಿದ್ದರೆ ಶಾಖದ ಕೆಲಸವನ್ನು ಧ್ವನಿಯ ಖಾತೆಗೆ ಬರೆದಂತಾಗುತ್ತದೆ.

ಅವಧಿ ಮುಗಿದೊಡನೆ ಪ್ರತಿ ಬೀಕರಿನ ಒಂದು ಹನಿಯನ್ನು ಅದರದೇ ದ್ರಾವಣದೊಡನೆ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಶುದ್ಧ ನೀರು ಬೆರೆಸಿದರೆ ಚಿಕ್ಕ ಹರಳುಗಳೇ ಮೊದಲು ಕರಗಿಹೋಗುತ್ತವೆ. ಅಳತೆಗೆರೆಯ ಕಣ್ಣುಮಸೂರದಿಂದ ಕನಿಷ್ಠ 100 ಹರಳುಗಳ ಉದ್ದವನ್ನೂ ಅಗಲವನ್ನೂ, ಆರಿಸಿಕೊಳ್ಳದೆ, ಅಳೆಯಬೇಕು. ಸರಾಸರಿಯಷ್ಟೇ ಸಾಲದು, ಹರವನ್ನೂ (ಅಳತೆಗಳು ಎಷ್ಟು ಚದುರಿವೆ ಎಂಬುದನ್ನೂ) ದಾಖಲಿಸಬೇಕು. ತೂಕಕ್ಕೆಂದು ಉಳಿದದ್ದನ್ನು ಸೋಸಿ ಒಣಗಿಸುವುದಾದರೆ 45 ಡಿಗ್ರಿ ದಾಟಿಸಬಾರದು, ಹೆಚ್ಚು ಬಿಸಿಯಲ್ಲಿ ಜಿಪ್ಸಂ ತನ್ನ ಹರಳುನೀರನ್ನು ಕಳೆದುಕೊಳ್ಳುತ್ತದೆ.

ಎರಡನೆಯ ಬೀಕರು ಬೇಗ ಮಸುಕಾಗಿ, ಅದರ ಹರಳುಗಳು ಚಿಕ್ಕದಾಗಿಯೂ ಒಂದೇ ಅಳತೆಗೆ ಹತ್ತಿರವಾಗಿಯೂ ಇದ್ದು, ಮೂರನೆಯದರಲ್ಲಿ ದೊಡ್ಡ ಹರಳುಗಳು ಹಾಗೆಯೇ ಉಳಿದಿದ್ದರೆ ಧ್ವನಿ ಮುಖ್ಯವಾಗಿ ಮೊಳಕೆಗಳನ್ನು ಹೆಚ್ಚಿಸಿದೆ ಎನ್ನಬಹುದು. ಮೂರನೆಯದರಲ್ಲಿಯೂ ಚೂಪಾಗಿ ಮುರಿದ ತುಂಡುಗಳೇ ತುಂಬಿದ್ದರೆ ಧ್ವನಿ ಬೆಳೆದ ಹರಳನ್ನೂ ಮುರಿಯುತ್ತಿದೆ ಎಂದರ್ಥ; ಆಗ ಎರಡನೆಯ ಬೀಕರಿನ ಧ್ವನಿಯ ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸಿ ಮತ್ತೊಮ್ಮೆ ಮಾಡಬೇಕು.